ಒಂದೇ ಮಾವಿನಹಣ್ಣಿನ ಆಟ, ನಾಲ್ಕು ಕಡೆ ಮಾಡಿ ನೋಡಿದ್ದು

ಮಗಳಿಗೆ ಏಳು ವರ್ಷ. ಗೇಮ್ ಆಡಿದ್ದು ಸಾಕು, ಇನ್ನು ನಾನೇ ಮಾಡಬೇಕು ಅಂತ ಹಠ ಹಿಡಿದಳು. ಗೇಮ್ ಮಾಡಲು ಕಲಿಸುವ ಒಂದು ಆನ್‌ಲೈನ್ ಕ್ಲಾಸಿನ ಫ್ರೀ ಡೆಮೊಗೆ ಕೂರಿಸಿದೆವು. ಪಾಠ ಅರ್ಧ ಗಂಟೆ, ಆಮೇಲೆ ಹದಿನೈದು ದಿನ ನನಗೆ ಬರೀ ಫೋನು. ಸಹವಾಸವೇ ಬೇಡ ಅನ್ನಿಸಿ, ಬೇಸಿಗೆ ರಜೆಯಲ್ಲಿ ನಾವಿಬ್ಬರೇ ಕೂತೆವು. ಮೇಲಿಂದ ಮಾವಿನಹಣ್ಣು ಬೀಳಬೇಕು, ಕೆಳಗೆ ಬುಟ್ಟಿ ಹಿಡಿಯಬೇಕು. ಈ ಒಂದೇ ಆಟವನ್ನು, ಗೇಮ್ ಮಾಡಲು ಬಳಸುವ ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಮಾಡಿ ನೋಡಿದೆವು. ನಾಲ್ಕಕ್ಕೂ ದುಡ್ಡು ಕೊಡಬೇಕಿಲ್ಲ. ನಾನು ಗಮನಿಸಿದ್ದು ಇಷ್ಟೇ: ಕೆಲಸ ಮಾಡುತ್ತಿರುವ ಕೈ ಅವಳದಾ, ನನ್ನದಾ?

ಮೊದಲು ಸ್ಕ್ರಾಚ್ ಜೂನಿಯರ್. ಟ್ಯಾಬ್ಲೆಟ್‌ನಲ್ಲಿ ಆಡುವಂಥದ್ದು, 5ರಿಂದ 7 ವರ್ಷದವರಿಗೆ ಅಂತಲೇ ಮಾಡಿದ್ದು. ಬ್ಲಾಕ್ ಅಂದರೆ ಒಂದಕ್ಕೊಂದು ಜೋಡಿಸುವ ಆಜ್ಞೆಯ ತುಂಡು; ಇಲ್ಲಿ ಅವುಗಳ ಮೇಲೆ ಅಕ್ಷರವಿಲ್ಲ, ಬರೀ ಚಿತ್ರ. ಇಂಗ್ಲಿಷ್ ಓದುವುದು ಇನ್ನೂ ನಿಧಾನವಾಗಿರುವ ನನ್ನ ಮಗಳಿಗೆ ಇದೇ ದೊಡ್ಡ ಅನುಕೂಲ. ಬುಟ್ಟಿಯನ್ನು ಎಡಕ್ಕೂ ಬಲಕ್ಕೂ ಓಡಿಸುವುದು ಹೇಗೆ ಅಂತ ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಅವಳು ಎರಡು ಬಾಣ ಬರೆದಳು. ಒಂದನ್ನು ಮುಟ್ಟಿದರೆ ಬುಟ್ಟಿಗೆ ಕೆಂಪು ಲಕೋಟೆ, ಅಂದರೆ ಓಡು ಅನ್ನುವ ಸಂದೇಶ, ಹೋಗುತ್ತದೆ; ಇನ್ನೊಂದನ್ನು ಮುಟ್ಟಿದರೆ ನೀಲಿ. ಮುಗೀತು! ಹಣ್ಣು ತಪ್ಪಿದರೆ ಕೇಳಿಸಲಿ ಅಂತ "ಅಯ್ಯೋ, ಬಿತ್ತು!" ಅಂತ ತನ್ನ ದನಿಯನ್ನೇ ರೆಕಾರ್ಡ್ ಮಾಡಿ ಇಟ್ಟಳು. ಆದರೆ ಅಂಕ ಎಣಿಸುವ ವ್ಯವಸ್ಥೆ ಇದರಲ್ಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಟು ಹಾಕುತ್ತಾ ಕೂತವಳು ಮೂರನೇ ವಾರ ಕೇಳಿದಳು, "ಅಪ್ಪಾ, ಇದನ್ನ ಕಂಪ್ಯೂಟರೇ ಎಣಿಸಲ್ವಾ?"

ಹಾಗೆ ಸ್ಕ್ರಾಚ್‌ಗೆ ಬಂದೆವು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಎಲ್ಲರಿಗೂ ತೆರೆದುಕೊಟ್ಟದ್ದು. 8 ವರ್ಷದಿಂದ ಮೇಲೆ ಅನ್ನುತ್ತಾರೆ, ಅದು ಯಾಕೆ ಅಂತ ಎರಡನೇ ದಿನವೇ ಗೊತ್ತಾಯಿತು. ಪರದೆಯ ನಡುಮಧ್ಯ ಸೊನ್ನೆ. ಚಿತ್ರ ಎಷ್ಟು ಮೇಲೆ, ಎಷ್ಟು ಕೆಳಗೆ ಇದೆ ಅಂತ ಹೇಳುವ ಸಂಖ್ಯೆ ವೈ. ಹಣ್ಣು ಕೆಳಗೆ ಬರಬೇಕಾದರೆ ಈ ವೈ ಅನ್ನು ಮೈನಸ್ 5ರಷ್ಟು ಬದಲಿಸಬೇಕು. ಮೈನಸ್ ಸಂಖ್ಯೆ ಅವಳಿಗೆ ಶಾಲೆಯಲ್ಲಿ ಇನ್ನೂ ಬಂದಿಲ್ಲ. ಊರಿನ ಬಾವಿ ನೆನಪಿಸಿದೆ: ಕಟ್ಟೆ ಅಂದರೆ 0, ಒಳಗಿಳಿದರೆ ಮೈನಸ್. ಅರ್ಥವಾಯಿತು. ಆಮೇಲೆ ನಾನೇ ಎಡವಟ್ಟು ಮಾಡಿದೆ. ಪರದೆಯ ತಳ ಮೈನಸ್ 180. ವೈ ಮೈನಸ್ 220ಕ್ಕಿಂತ ಕೆಳಗೆ ಹೋದರೆ ಹಣ್ಣು ಮತ್ತೆ ಮೇಲಿಂದ ಬೀಳಲಿ ಅಂತ ಬರೆದಿದ್ದೆ. ಸ್ಕ್ರಾಚ್ ಯಾವ ಚಿತ್ರವನ್ನೂ ಪೂರ್ತಿ ಹೊರಗೆ ಬಿಡುವುದಿಲ್ಲ, ಹಾಗಾಗಿ ಹಣ್ಣು ಅಂಚಿನಲ್ಲೇ ನಿಂತುಬಿಟ್ಟಿತು. "ಗೋಂದು ಅಂಟಿದೆ" ಅಂದಳು. ಹಣ್ಣಿನ ವೈ ಪೆಟ್ಟಿಗೆಗೆ ಟಿಕ್ ಹಾಕಿ, ಸಂಖ್ಯೆ ಎಲ್ಲಿ ನಿಲ್ಲುತ್ತದೆ ಅಂತ ಅವಳೇ ನೋಡಿ 220 ಅಳಿಸಿ 170 ಹಾಕಿದಳು. ಅವತ್ತು ಮೌಸ್ ಮುಟ್ಟಲು ನನ್ನನ್ನು ಬಿಡಲೇ ಇಲ್ಲ.

ಮೈಕ್ರೋಸಾಫ್ಟ್‌ನ ಮೇಕ್‌ಕೋಡ್ ಆರ್ಕೇಡ್ ನೋಡೋಕೆ ಇದಕ್ಕಿಂತ ಮಜಾ. 160 ಅಡ್ಡ, 120 ಉದ್ದ ಚುಕ್ಕಿಗಳ ಪುಟ್ಟ ಪರದೆ, ಹಳೇ ವಿಡಿಯೋಗೇಮ್ ಥರ. ಅಂಕ, ಲೈಫು, ಟೈಮರ್ ಎಲ್ಲಾ ರೆಡಿ ಬ್ಲಾಕ್. ಇಲ್ಲಿ ಸೊನ್ನೆ ಮೇಲಿನ ಎಡಮೂಲೆಯಲ್ಲಿರುವುದರಿಂದ ಕೆಳಗೆ ಬೀಳಿಸಲು ಮೈನಸ್ಸೂ ಬೇಡ. ಇಪ್ಪತ್ತು ನಿಮಿಷದಲ್ಲಿ ಆಟ ಸಿದ್ಧ. ಆದರೆ "ಇದು ಹೇಗೆ ಬೀಳ್ತಿದೆ?" ಅಂತ ಕೇಳಿದರೆ ಉತ್ತರ ಗೊತ್ತಿಲ್ಲ. ವೇಗ 50 ಅಂತ ಕೊಟ್ಟಿದ್ದಾಳೆ, ಉಳಿದಿದ್ದು ಅದೇ ಮಾಡಿಕೊಳ್ಳುತ್ತದೆ. ಹತ್ತು ವರ್ಷದ ಮಗುವಾಗಿದ್ದರೆ ನಾನು ಇಲ್ಲಿಂದಲೇ ಶುರು ಮಾಡಿಸುತ್ತಿದ್ದೆನೋ ಏನೋ.

ಪೈಗೇಮ್ ಝೀರೋ ನನ್ನ ಆಸೆ, ಅವಳದ್ದಲ್ಲ. ಇಲ್ಲಿ ಬ್ಲಾಕ್ ಇಲ್ಲ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲವನ್ನೂ ಟೈಪ್ ಮಾಡಬೇಕು. ಪೈಥಾನ್ ಕಲಿತರೆ ಮುಂದೆ ಉಪಯೋಗ ಅಂತ ಬೇರೆಯವರು ಹೇಳಿದ್ದನ್ನು ನಂಬಿದ್ದೆ. ಒಂದೇ ಹೆಸರಿಗೆ ಒಂದು ಕಡೆ ದೊಡ್ಡಕ್ಷರದ ಎಂ, ಇನ್ನೊಂದು ಕಡೆ ಚಿಕ್ಕಕ್ಷರದ ಎಂ. ಅಷ್ಟಕ್ಕೇ ಎರರ್. ಕೀಬೋರ್ಡಲ್ಲಿ ಕೋಲನ್ ಹುಡುಕುವಷ್ಟರಲ್ಲಿ ಆಕಳಿಕೆ. ಹತ್ತು ನಿಮಿಷಕ್ಕೆ ಟೈಪ್ ಮಾಡುತ್ತಿದ್ದವನು ನಾನು, ಅವಳು ಬಾಲ್ಕನಿಯಲ್ಲಿದ್ದಳು.

ಈಗ ಮನೆಯಲ್ಲಿ ಉಳಿದಿರುವುದು ಸ್ಕ್ರಾಚ್. ಹೋದ ವಾರ ಅಜ್ಜಿಯನ್ನು ಕೂರಿಸಿ ಆಡಿಸಿದಳು. ಅಜ್ಜಿ ನಾಲ್ಕು ಹಣ್ಣು ಹಿಡಿದು, "ಎಲ್ಲಾ ಚೆನ್ನಾಗಿರೋ ಹಣ್ಣೇನಾ ಪುಟ್ಟಿ? ಕೊಳೆತದ್ದು ಬೀಳಲ್ವಾ?" ಅಂದರು. ಅವಳು ತಕ್ಷಣ ಕಂದು ಬಣ್ಣದ ಹಣ್ಣೊಂದು ಬರೆದು, ಹಿಡಿದರೆ ಅಂಕ ಮೈನಸ್ 1ರಷ್ಟು ಬದಲಾಗಲಿ ಅಂತ ಬ್ಲಾಕ್ ಹಾಕಿದಳು. ಮುಂದಿನ ಆಟದಲ್ಲಿ ಅಜ್ಜಿಯ ಅಂಕ ಮೈನಸ್ 2.

"ಹಂಗಂದ್ರೆ?"

"ಎರಡು ಹಣ್ಣು ನೀವೇ ನಂಗೆ ಕೊಡಬೇಕು ಅಜ್ಜಿ."