ರಿಡ್ಜ್ ಮೇಲೆ ನೆತ್ತಿಯ ದಾರಿಯೋ, ಬಳಸುದಾರಿಯೋ? ಬಿಸಿಲು, ಮಳೆ, ಗಾಳಿ, ಮಂಜಿನಲ್ಲಿ ಎರಡನ್ನೂ ನಡೆದು ನೋಡಿದ ಮೇಲೆ

ಚೂಪಾದ ರಿಡ್ಜ್, ಅಂದರೆ ಬೆಟ್ಟದ ಮೇಲಿನ ಉದ್ದನೆಯ ಕಿರಿದಾದ ಏಣು, ಎಲ್ಲೇ ಇರಲಿ, ಅದು ಶುರುವಾಗುವ ಕಡೆ ಸಾಮಾನ್ಯವಾಗಿ ದಾರಿ ಎರಡಾಗುತ್ತದೆ. ಒಂದು ನೇರ ನೆತ್ತಿಯ ಮೇಲೆ, ಬಂಡೆಯಿಂದ ಬಂಡೆಗೆ, ಎರಡೂ ಪಕ್ಕ ಕಂದಕ. ಇನ್ನೊಂದು ಇಪ್ಪತ್ತು ಮೂವತ್ತು ಅಡಿ ಕೆಳಗೆ, ಬೆಟ್ಟದ ಪಕ್ಕೆಗೆ ಅಂಟಿಕೊಂಡು ಹೋಗುವ ಸಣ್ಣ ಬಳಸುದಾರಿ. ಗುಂಪಿನಲ್ಲಿ ಒಬ್ಬರಾದರೂ ಕೇಳೇ ಕೇಳುತ್ತಾರೆ: "ಸುಮ್ನೆ ಯಾಕೆ ರಿಸ್ಕು, ಕೆಳಗಿನ ದಾರಿಯಲ್ಲೇ ಹೋಗೋಣ ಅಲ್ವಾ?" ಆಕಾಶ ಸ್ವಲ್ಪ ಕಪ್ಪಾಗಿದ್ದರೆ ಉಳಿದವರೂ ತಲೆಯಾಡಿಸುತ್ತಾರೆ.

ನನ್ನ ತಕರಾರು ಇಲ್ಲೇ. ಬಳಸುದಾರಿ ಅಂದರೆ ಸುರಕ್ಷಿತ ದಾರಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಸುಲಭವಾಗಿ ಕಾಣುವ ದಾರಿ, ಅಷ್ಟೇ. ಒಂದೇ ರಿಡ್ಜನ್ನು ಹೋಗುವಾಗ ನೆತ್ತಿಯ ಮೇಲೆ, ಬರುವಾಗ ಬಳಸುದಾರಿಯಲ್ಲಿ, ಇನ್ನೊಂದು ಸಲ ಅದನ್ನೇ ತಿರುಗಿಸಿ, ಒಣಹವೆಯಲ್ಲೂ ಮಳೆಯಲ್ಲೂ ನಡೆದು ನೋಡಿದ್ದೇನೆ. ಅದೇ ಶೂ, ಅದೇ ಬ್ಯಾಗು, ಅದೇ ಬಂಡೆ. ಹಾಗೆ ನೋಡಿದಾಗ ಹವೆ ಕೆಟ್ಟ ದಿನವೇ ನೆತ್ತಿಯ ಪರವಾಗಿ ಜಾಸ್ತಿ ಅಂಕ ಬೀಳುತ್ತವೆ. ಗಾಳಿಯೊಂದನ್ನು ಬಿಟ್ಟು. ಸಿಡಿಲಿನ ಮಾತು ಬೇರೆಯೇ, ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯ ಆಯ್ಕೆಯೂ ಒಂದಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ನೆತ್ತಿಯ ಮೇಲೆ ಕಾಲಿಡದೆ, ಎದೆಯೆತ್ತರದಷ್ಟು ಕೆಳಗೆ ಇಳಿದು, ನೆತ್ತಿಯ ಅಂಚನ್ನೇ ಕೈಗೆ ಆಸರೆ ಮಾಡಿಕೊಂಡು ಅಡ್ಡಡ್ಡ ಹೋಗುವುದು. ವೇಲ್ಸ್‌ನ ಕ್ರಿಬ್ ಗೋಖ್ ರಿಡ್ಜ್‌ನಲ್ಲಿ ಬಹಳ ಜನ ಹೋಗುವುದೇ ಹೀಗೆ: ಕಾಲು ದಕ್ಷಿಣದ ಮೈಯಲ್ಲಿ, ಕೈ ನೆತ್ತಿಯ ಮೇಲೆ. ಕೈ ಕಾಲು ಎರಡಕ್ಕೂ ಗಟ್ಟಿ ಕಲ್ಲು, ಗಾಳಿಗೆ ಅರ್ಧ ಮೈ ಮಾತ್ರ ಸಿಗುತ್ತದೆ. ಇದನ್ನು ನಡುದಾರಿ ಅಂತ ಕರೆಯುತ್ತೇನೆ. ಇದು ಎಲ್ಲ ರಿಡ್ಜ್‌ಗಳಲ್ಲೂ ಸಿಗುವುದಿಲ್ಲ. ಸಿಕ್ಕಿದ ಕಡೆ ನನ್ನ ಮೊದಲ ಆಯ್ಕೆ ಇದೇ.

ಮೊದಲು ಒಣ ದಿನ. ಇಲ್ಲಿ ನೆತ್ತಿ ಆರಾಮಾಗಿ ಗೆಲ್ಲುತ್ತದೆ. ಕಾರಣ ಕಣ್ಣಿಗೆ ಕಾಣುವ ನೋಟ ಅಲ್ಲ, ಕಾಲ ಕೆಳಗಿನ ಕಲ್ಲು. ಗಾಳಿ, ಮಳೆ ಸೇರಿ ನೆತ್ತಿಯ ಮೇಲಿನ ಮಣ್ಣು, ಪುಡಿಗಲ್ಲು ಎಲ್ಲವನ್ನೂ ಗುಡಿಸಿ ಹಾಕಿರುತ್ತವೆ, ಉಳಿಯುವುದು ಬರೀ ಗಟ್ಟಿ ಬಂಡೆ. ಹಾಗೆ ಗುಡಿಸಿದ್ದೆಲ್ಲ ಹೋಗಿ ಕೂರುವುದು ಎಲ್ಲಿ? ಬಳಸುದಾರಿಯ ಮೇಲೆ. ಓರೆಯಾದ ಹಾಸುಬಂಡೆ, ಅದರ ಮೇಲೆ ಗೋಲಿ ಚೆಲ್ಲಿದ ಹಾಗೆ ಜಲ್ಲಿ, ದಾರಿಯ ಓರೆಯೂ ಹೊರಗಡೆಗೇ. ಒಂದು ಕಾಲು ಯಾವಾಗಲೂ ಮೇಲೆ, ಇನ್ನೊಂದು ಕೆಳಗೆ, ಅರ್ಧ ಗಂಟೆಗೇ ಕೆಳಗಿನ ಕಾಲಿನ ಹರಡು ನೋಯಲು ಶುರುವಾಗುತ್ತದೆ. ಮೇಲೆ ನೆತ್ತಿಯಲ್ಲಿ ಹೋಗುವವರ ಕಾಲು ತಾಗಿ ಉರುಳುವ ಕಲ್ಲು ಬರುವುದೂ ಇಲ್ಲಿಗೇ. ಜನ ಜಾಸ್ತಿ ಇರುವ ದಿನ ಹೆಲ್ಮೆಟ್ ನೆತ್ತಿಗಿಂತ ಬಳಸುದಾರಿಯಲ್ಲೇ ಹೆಚ್ಚು ಬೇಕು. ಹೀಗೆ ಹೇಳಿದರೆ ನಗುತ್ತಾರೆ, ಒಂದು ಕಲ್ಲು ಪಕ್ಕದಲ್ಲಿ ಹಾದುಹೋದ ಮೇಲೆ ನಗುವುದಿಲ್ಲ.

ವೇಗದಲ್ಲಿ ಬಳಸುದಾರಿ ಮುಂದು, ಇದನ್ನು ಒಪ್ಪಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಬೆಟ್ಟ ನಡೆಯುವವರ ಬಾಯಲ್ಲಿದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಬಳಸುದಾರಿಯಲ್ಲಿ ಇದು ಹೆಚ್ಚುಕಡಿಮೆ ನಡೆಯುತ್ತದೆ. ಕೈ ಬಳಸಿ ಹತ್ತುವ ನೆತ್ತಿಯಲ್ಲಿ ನಡೆಯುವುದೇ ಇಲ್ಲ, ಒಂದು ಕಿಲೋಮೀಟರಿಗೇ ಒಂದು ಗಂಟೆ ಹಿಡಿಯಬಹುದು, ಮುಂದೆ ಹೆದರಿ ಕೂತವರು ಇದ್ದರೆ ಇನ್ನೂ ಜಾಸ್ತಿ. ಕತ್ತಲಾಗುವ ಮುಂಚೆ ಮುಗಿಸಬೇಕು ಅಂತಿದ್ದರೆ ಇದು ಸಣ್ಣ ವಿಷಯವಲ್ಲ.

ಇನ್ನು ಮಳೆ. ಇಲ್ಲೇ ಜನ ಕಣ್ಣು ಮುಚ್ಚಿ ಕೆಳಗಿನ ದಾರಿ ಹಿಡಿಯುವುದು, ಇಲ್ಲೇ ನನ್ನ ವಾದವೂ ಜಾಸ್ತಿ ಗಟ್ಟಿ. ಮಳೆ ನಿಂತ ಮೇಲೆ ಮೊದಲು ಒಣಗುವುದು ನೆತ್ತಿ, ಬಿಸಿಲು ಗಾಳಿ ಎರಡೂ ಅದಕ್ಕೆ ಸಿಗುತ್ತವೆ. ಬಳಸುದಾರಿ ನೆರಳಿನ ಮೈಯಲ್ಲಿದ್ದರೆ ಮರುದಿನವೂ ಒದ್ದೆ. ಇಂಗ್ಲೆಂಡಿನ ಹೆಲ್ವೆಲಿನ್ ಬೆಟ್ಟಕ್ಕೆ ಹೋಗುವ ಸ್ಟ್ರೈಡಿಂಗ್ ಎಡ್ಜ್‌ನಲ್ಲಿ ಬಳಸುದಾರಿ ಇರುವುದು ಉತ್ತರದ ಮೈಯಲ್ಲಿ. ಅಲ್ಲಿನ ಅಕ್ಷಾಂಶದಲ್ಲಿ ಉತ್ತರದ ಮೈ ಅಂದರೆ ಬಿಸಿಲು ಬೀಳುವುದೇ ಕಡಿಮೆ. ಒದ್ದೆ ಬಂಡೆ ಜಾರುತ್ತದೆ, ನಿಜ. ಆದರೆ ಒದ್ದೆ ಬಂಡೆಯಲ್ಲಿ ಕೈಗೆ ಹಿಡಿ ಇರುತ್ತದೆ. ಒದ್ದೆ ಹುಲ್ಲಿನಲ್ಲಿ ಕಾಲು ಜಾರಿದರೆ ಹಿಡಿಯಲು ಹುಲ್ಲೇ ಗತಿ, ಅದು ಬೇರುಸಮೇತ ಕೈಗೆ ಬರುತ್ತದೆ. ಜಾರಲು ಶುರುವಾದ ಮೈ ಹುಲ್ಲಿನ ಇಳಿಜಾರಿನಲ್ಲಿ ವೇಗ ಹಿಡಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಜಾಕೆಟ್ ಪ್ಯಾಂಟ್ ಎರಡೂ ನೈಲಾನ್ ಆಗಿದ್ದರಂತೂ ಕೇಳಲೇಬೇಡಿ.

ಒದ್ದೆ ನೆತ್ತಿಯಲ್ಲಿ ಎಲ್ಲಿ ಕಾಲಿಡಬೇಕು ಅನ್ನುವುದು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಬಂಡೆಯ ಮೇಲೆ ಕಪ್ಪು ಮಚ್ಚೆಗಳ ಹಾಗೆ ಕಲ್ಲುಹೂವು ಹಬ್ಬಿರುತ್ತದೆ. ಒಣಗಿದ್ದಾಗ ಅದು ಒರಟು, ಕಾಲು ಕಚ್ಚಿ ಹಿಡಿಯುತ್ತದೆ, ಬೆರಳಲ್ಲಿ ತಿಕ್ಕಿದರೆ ಪುಡಿ ಉದುರುತ್ತದೆ. ಮಳೆ ಬಿದ್ದರೆ ಅದೇ ಮಚ್ಚೆ ನೀರು ಕುಡಿದು ಉಬ್ಬಿ ಲೋಳೆಯಾಗುತ್ತದೆ. ಅದರ ಪಕ್ಕದಲ್ಲೇ, ಅಂಗೈ ಅಗಲದಲ್ಲಿ, ಜನ ಕಾಲಿಟ್ಟು ಕಲ್ಲುಹೂವು ಕಿತ್ತುಹೋದ ತಿಳಿಬಣ್ಣದ ಜಾಗ ಇರುತ್ತದೆ. ಕಾಲು ಅಲ್ಲಿಗೇ ಹೋಗಬೇಕು. ಕೈಗೆ ಹಿಡಿ ಸಿಕ್ಕಿದರೆ ಭಾರ ಹಾಕುವ ಮುಂಚೆ ಮುಷ್ಟಿಯಿಂದ ಗುದ್ದಿ ನೋಡುತ್ತೇನೆ. ಗಟ್ಟಿ ಕಲ್ಲು ಸುಮ್ಮನಿರುತ್ತದೆ, ಸಡಿಲ ಕಲ್ಲು ಟೊಳ್ಳು ಸದ್ದು ಮಾಡುತ್ತದೆ. ಟೊಳ್ಳು ಅನ್ನಿಸಿದ್ದನ್ನು ಎಳೆಯಬಾರದು, ಬೇಕಾದರೆ ಕೆಳಮುಖವಾಗಿ ಒತ್ತಬಹುದು.

ಆದರೆ ಮಳೆಯಲ್ಲಿ ನೆತ್ತಿ ಯಾವಾಗಲೂ ಗೆಲ್ಲುತ್ತದೆ ಅಂತಲ್ಲ, ಕಲ್ಲಿನ ಜಾತಿ ನೋಡಬೇಕು. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕುಲಿನ್ ರಿಡ್ಜ್ ಸುಮಾರು 12 ಕಿಲೋಮೀಟರ್ ಉದ್ದ. ಅದರ ಬಹುಪಾಲು ಗ್ಯಾಬ್ರೊ ಅನ್ನುವ ಕಲ್ಲು, ಬೆರಳ ಚರ್ಮ ಸುಲಿಯುವಷ್ಟು ಒರಟು, ಒದ್ದೆಯಾದರೂ ಶೂ ಹಿಡಿಯುತ್ತದೆ. ಅದೇ ರಿಡ್ಜ್‌ನಲ್ಲಿ ನಡುನಡುವೆ ಬಸಾಲ್ಟ್ ಅನ್ನುವ ನುಣುಪು ಕಲ್ಲು ಬರುತ್ತದೆ, ಒದ್ದೆಯಾದರೆ ಗಾಜು. ಇಂಗ್ಲೆಂಡಿನ ಬ್ಲೆಂಕ್ಯಾಥ್ರಾ ಬೆಟ್ಟದ ಶಾರ್ಪ್ ಎಡ್ಜ್ ಸ್ಲೇಟ್ ಕಲ್ಲು, ಜನ ತುಳಿದು ತುಳಿದು ನುಣುಪಾಗಿದೆ. ಅದು ಒದ್ದೆ ಇದ್ದಾಗ ಮೇಲಿನ ದಾರಿಯೋ ಕೆಳಗಿನದೋ ಅಂತ ಚರ್ಚೆ ಮಾಡುವುದೇ ದಂಡ, ಬೇರೆ ದಿನ ಹೋಗಬೇಕು. ಹಾಗಂತ ಎಲ್ಲ ಕಡೆ ಒಣ ದಿನಕ್ಕೆ ಕಾಯುತ್ತೇನೆ ಅಂದರೂ ಕಷ್ಟ. ಕ್ರಿಬ್ ಗೋಖ್ ಇಡೀ ಬ್ರಿಟನ್ನಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು, ವರ್ಷಕ್ಕೆ ಸರಾಸರಿ 4,400 ಮಿಲಿಮೀಟರಿಗೂ ಜಾಸ್ತಿ.

ಗಾಳಿಗೆ ಬರೋಣ. ಇಲ್ಲಿ ನೆತ್ತಿ ಸೋಲುತ್ತದೆ, ನಾನು ವಾದ ಮಾಡುವುದಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಮೈಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ಮೇಲಾಗಿ ರಿಡ್ಜ್ ದಾಟುವಾಗ ಗಾಳಿ ತಾನೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಒಂದೇ ಸಮ ಬೀಸುವ ಗಾಳಿಗೆ ಮೈ ಒಗ್ಗಿಕೊಳ್ಳುತ್ತದೆ, ಅದಕ್ಕೆ ಒರಗಿಕೊಂಡೇ ನಡೆಯುತ್ತೀರಿ. ಅದು ಥಟ್ಟನೆ ನಿಂತರೆ? ಒರಗಿದ ಕಡೆಗೇ ಹೋಗುತ್ತೀರಿ. ಬ್ಯಾಗಿನ ಮೇಲಿನ ಮಳೆ ಕವರ್ ಹಾಯಿಯ ಕೆಲಸ ಮಾಡುತ್ತದೆ, ಅದನ್ನು ತೆಗೆದು ಒಳಗೆ ತುರುಕಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಟ್ಟಿದ್ದರೆ ಅದೇ ಸಾಕು.

ಆದರೆ ಬಳಸುದಾರಿ ಯಾವ ಮೈಯಲ್ಲಿದೆ ಅನ್ನುವುದನ್ನು ಹೊರಡುವ ಮುಂಚೆ ಗಾಳಿಯ ದಿಕ್ಕಿನ ಜೊತೆ ಹೋಲಿಸಿ ನೋಡಬೇಕು. ಗಾಳಿಮರೆಯ ಮೈಯಲ್ಲಿದ್ದರೆ ಸ್ವರ್ಗ, ಮಾತಾಡಿದ್ದು ಕೇಳಿಸುತ್ತದೆ. ಆದರೆ ರಿಡ್ಜ್ ತಗ್ಗುವ ಬಾಯಿಗಳು ಇರುತ್ತವಲ್ಲ, ಎರಡು ಕೋಡುಗಳ ನಡುವಿನ ಕುತ್ತಿಗೆ, ಅಲ್ಲಿ ಗಾಳಿ ಕೊಳವೆಯೊಳಗೆ ನುಗ್ಗಿದ ಹಾಗೆ ನುಗ್ಗುತ್ತದೆ. ಹತ್ತು ನಿಮಿಷ ಮರೆಯಲ್ಲಿ ನಡೆದು ಮೈ ಸಡಿಲ ಬಿಟ್ಟವರಿಗೆ ಹೊಡೆತ ಬೀಳುವುದು ಅಲ್ಲೇ. ಕುತ್ತಿಗೆ ಬರುವ ಮುಂಚೆಯೇ ಬಗ್ಗಿ, ಕೈ ನೆಲಕ್ಕೆ ಹಾಕಿ, ಬೇಕಾದರೆ ಅಂಬೆಗಾಲಲ್ಲಿ ದಾಟಿ. ಯಾರೂ ಮಾರ್ಕ್ಸ್ ಕಳೆಯುವುದಿಲ್ಲ. ಬಳಸುದಾರಿ ಗಾಳಿ ಬೀಸುವ ಮೈಯಲ್ಲಿದ್ದರೆ ಗಾಳಿ ನಿಮ್ಮನ್ನು ಬೆಟ್ಟಕ್ಕೇ ಒತ್ತುತ್ತದೆ. ಹೆದರಿಕೆ ಜಾಸ್ತಿ, ಬೀಳುವ ಅಪಾಯ ಕಡಿಮೆ. ಚಳಿ ಮಾತ್ರ ಮೂಳೆಗೆ ಇಳಿಯುತ್ತದೆ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ, ಅದು ಗಾಳಿಯಿಲ್ಲದ ಲೆಕ್ಕ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಇದ್ದರೆ ಬರಿ ಚರ್ಮಕ್ಕೆ ಮೈನಸ್ 7ರ ಹಾಗೆ ತಟ್ಟುತ್ತದೆ. ಬೆರಳು ಮರಗಟ್ಟಿದರೆ ಹಿಡಿ ಎಷ್ಟು ಚೆನ್ನಾಗಿದ್ದರೇನು, ಸಿಕ್ಕಿದ್ದು ಗೊತ್ತಾಗಬೇಕಲ್ಲ. ಗಾಳಿ ಇದ್ದ ದಿನ ನನ್ನ ಓಟು ಮೊದಲು ನಡುದಾರಿಗೆ, ಅದು ಇಲ್ಲದಿದ್ದರೆ ಗಾಳಿಮರೆಯ ಬಳಸುದಾರಿಗೆ. ರಿಡ್ಜ್ ಶುರುವಾಗುವ ಅಗಲ ಜಾಗದಲ್ಲೇ ನೆಟ್ಟಗೆ ನಿಲ್ಲಲು ಆಗುತ್ತಿಲ್ಲ ಅಂದರೆ ಎರಡೂ ಬೇಡ, ವಾಪಸ್.

ಮಂಜಿನಲ್ಲಿ ಮತ್ತೆ ನೆತ್ತಿಯೇ ಮುಂದು. ಎರಡೂ ಕಡೆ ಇಳಿಜಾರು ಇದ್ದರೆ ದಾರಿ ತಪ್ಪುವುದು ಹೇಗೆ? ಬಳಸುದಾರಿಯಲ್ಲಿ ಹತ್ತು ಹೆಜ್ಜೆ ಮುಂದೆ ಕಾಣದಿದ್ದಾಗ ಒಂದು ದಾರಿ ಮೂರಾಗುತ್ತದೆ, ಅದರಲ್ಲಿ ಎರಡು ಆಡು ಕುರಿಗಳದ್ದು. ಅವುಗಳ ಜಾಡು ನಯವಾಗಿ ಕೆಳಗಿಳಿದು ಯಾವುದೋ ಕೊರಕಲಿನ ಮೇಲೆ ಹೋಗಿ ಮುಗಿಯುತ್ತದೆ. ಕುರಿಗೆ ಅಲ್ಲಿ ಹುಲ್ಲು ಸಿಕ್ಕಿತು, ನಮಗೆ ಏನೂ ಇಲ್ಲ. ನೆತ್ತಿಯಲ್ಲಿ ಒಂದೇ ಮೋಸ: ರಿಡ್ಜ್ ಕವಲೊಡೆಯುವ ಜಾಗ. ಅಲ್ಲಿ ಮಾತ್ರ ನಿಂತು ದಿಕ್ಸೂಚಿ ತೆಗೆಯಬೇಕು. ಕುಲಿನ್‌ನಂಥ ಕಡೆ ಅದನ್ನೂ ಪೂರ್ತಿ ನಂಬುವ ಹಾಗಿಲ್ಲ, ಅಲ್ಲಿನ ಬಂಡೆಯಲ್ಲೇ ಅಯಸ್ಕಾಂತದ ಗುಣ ಇರುವುದರಿಂದ ಮುಳ್ಳು ತಪ್ಪು ದಿಕ್ಕು ತೋರಿಸುತ್ತದೆ. ಅಂದಹಾಗೆ ಮಂಜು ಕೆಳಗೆ, ಸೂರ್ಯ ಬೆನ್ನ ಹಿಂದೆ ಇದ್ದರೆ ನಿಮ್ಮದೇ ನೆರಳು ಮಂಜಿನ ಮೇಲೆ ದೊಡ್ಡದಾಗಿ ಬಿದ್ದು ತಲೆಯ ಸುತ್ತ ಬಣ್ಣದ ಬಳೆ ಕಾಣುತ್ತದೆ. ಜರ್ಮನಿಯ ಬ್ರೋಕನ್ ಬೆಟ್ಟದ ಹೆಸರಲ್ಲಿ ಅದನ್ನು ಬ್ರೋಕನ್ ಸ್ಪೆಕ್ಟರ್ ಅನ್ನುತ್ತಾರೆ. ಇದು ಬಳಸುದಾರಿಗಿಂತ ನೆತ್ತಿಯಲ್ಲಿ ಕಾಣುವ ಸಂಭವ ಹೆಚ್ಚು. ಅದನ್ನು ಅಂಕಕ್ಕೆ ಸೇರಿಸಿಲ್ಲ.

ಇನ್ನೊಂದು ಎಚ್ಚರಿಕೆ. ಮ್ಯಾಪಿನಲ್ಲಿ ಇಲ್ಲದ ಬಳಸುದಾರಿಯನ್ನು ಸ್ಥಳದಲ್ಲೇ ಹುಡುಕಿಕೊಳ್ಳುತ್ತೇನೆ ಅಂತ ಹೊರಡಬಾರದು. ಸ್ಕಾಟ್ಲೆಂಡಿನ ಗ್ಲೆಂಕೋ ಕಣಿವೆಯ ಓನಖ್ ಈಗಖ್ ರಿಡ್ಜ್ ಹತ್ತಿದರೆ ಕೊನೆ ಮುಟ್ಟುವವರೆಗೆ ನಡುವೆ ಸುರಕ್ಷಿತವಾಗಿ ಇಳಿಯುವ ದಾರಿಯಿಲ್ಲ. ಸುಸ್ತಾಗಿ ಪಕ್ಕಕ್ಕೆ ಇಳಿದುಬಿಡೋಣ ಅಂದುಕೊಂಡರೆ ಸಿಗುವುದು ಕಡಿದಾದ ಕೊರಕಲು, ಸಡಿಲ ಕಲ್ಲು. ಅಂಥ ಕಡೆ ಹೋಲಿಕೆಯೇ ಇಲ್ಲ, ಹತ್ತುವ ಮುಂಚೆಯೇ ತೀರ್ಮಾನ ಮಾಡಬೇಕು.

ಸಿಡಿಲಿನ ವಿಷಯಕ್ಕೆ ಬಂದರೆ ಎರಡಕ್ಕೂ ಸೊನ್ನೆ. ಮೂವತ್ತು ಅಡಿ ಕೆಳಗಿದ್ದೇನೆ ಅನ್ನುವುದು ಸಿಡಿಲಿಗೆ ಲೆಕ್ಕವೇ ಅಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡು ಅಂದರೆ ಸುಮಾರು ಒಂದು ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆ ಬಂದರೆ, ಅಂದರೆ 10 ಕಿಲೋಮೀಟರ್ ಒಳಗೆ ಇದ್ದರೆ, ರಿಡ್ಜ್ ಬಿಟ್ಟು ಆದಷ್ಟು ಕೆಳಗೆ ಇಳಿಯಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮತ್ತೆ ಹತ್ತಬಾರದು. ಬಳಸುದಾರಿಯಲ್ಲಿ ಚಾಚಿದ ಬಂಡೆಯ ಕೆಳಗೆ ಕೂರಲು ಜಾಗ ಚೆನ್ನಾಗಿ ಕಾಣುತ್ತದೆ, ಅದೇ ಕೆಟ್ಟ ಜಾಗ. ಬಂಡೆಗೆ ಹೊಡೆದ ಕರೆಂಟು ಆ ಸಂದನ್ನು ದಾಟಲು ಅಲ್ಲಿ ಕೂತವರ ಮೈಯನ್ನೇ ದಾರಿ ಮಾಡಿಕೊಳ್ಳಬಹುದು.

ಹಿಮ ಬಿದ್ದಿದ್ದರೆ ಬಳಸುದಾರಿ ದಾರಿಯಾಗಿಯೇ ಉಳಿಯುವುದಿಲ್ಲ, ಕಡಿದಾದ ಹಿಮದ ಇಳಿಜಾರಾಗುತ್ತದೆ. ನೆತ್ತಿಯ ಅಂಚಿನಲ್ಲಿ ಗಾಳಿಮರೆಯ ಕಡೆಗೆ ಹಿಮ ಚಾಚಿಕೊಂಡು ನಿಂತಿರುತ್ತದೆ, ಕೆಳಗೆ ಏನೂ ಇರುವುದಿಲ್ಲ. ಐಸ್ ಆಕ್ಸ್ (ಹಿಮಗೊಡಲಿ), ಕ್ರಾಂಪಾನ್ (ಶೂ ಕೆಳಗೆ ಕಟ್ಟುವ ಲೋಹದ ಹಲ್ಲು) ಬಳಸಲು ಬಾರದವರಿಗೆ ಎರಡೂ ಅಲ್ಲ.

ಎತ್ತರದ ಹೆದರಿಕೆ ಇರುವವರು ಬಳಸುದಾರಿಯನ್ನೇ ಇಷ್ಟಪಡುತ್ತಾರೆ, ಒಂದು ಪಕ್ಕ ಗೋಡೆ ಇರುತ್ತದಲ್ಲ, ಕಣ್ಣಿಗೆ ಸಮಾಧಾನ. ಅದೂ ಮುಖ್ಯವೇ, ನಡುಗುವ ಕಾಲು ಎಲ್ಲಿಟ್ಟರೂ ಜಾರುತ್ತದೆ. ಅವರನ್ನು ನಡುದಾರಿಯಲ್ಲಿ ಕರೆದುಕೊಂಡು ಹೋಗಿ ನೋಡಿ. ಮುಖ ಬಂಡೆಯ ಕಡೆಗೆ, ಎರಡು ಕೈ ಎರಡು ಕಾಲಲ್ಲಿ ಮೂರು ಯಾವಾಗಲೂ ಕಲ್ಲಿನ ಮೇಲೆ, ಒಂದು ಮಾತ್ರ ಕದಲಬೇಕು. ಇಳಿಯುವಾಗಲೂ ಮುಖ ಬಂಡೆಯ ಕಡೆಗೇ. ಕೂತುಕೊಂಡು ಜಾರಿ ಇಳಿದರೆ ಬ್ಯಾಗು ಹಿಂದಿನ ಕಲ್ಲಿಗೆ ತಾಗಿ ಮುಂದಕ್ಕೆ ನೂಕುತ್ತದೆ.

ಒಂದು ದಾರಿಯಿಂದ ಇನ್ನೊಂದಕ್ಕೆ ಬದಲಾಯಿಸುವ ಜಾಗದ ಬಗ್ಗೆಯೂ ಹೇಳಬೇಕು, ನಾನು ನೋಡಿದ ಹಾಗೆ ಜನ ಜಾಸ್ತಿ ಜಾರುವುದು ಅಲ್ಲೇ. ಬಳಸುದಾರಿ ಮುಗಿಯಿತು ಅನ್ನಿಸಿದಾಗ ಸಿಕ್ಕ ಕೊರಕಲಲ್ಲೇ ನೆತ್ತಿಗೆ ಹತ್ತಲು ಹೋಗುತ್ತಾರೆ, ಅದರ ತುಂಬ ಸಡಿಲ ಕಲ್ಲು. ಇಪ್ಪತ್ತು ಹೆಜ್ಜೆ ಹಿಂದೆ ಹೋದರೆ ಕಲ್ಲಿನ ಮೇಲೆ ಶೂ ಉಜ್ಜಿದ ಬಿಳಿ ಗುರುತು ಸಿಗುತ್ತದೆ, ಹತ್ತಬೇಕಾದ್ದು ಅಲ್ಲಿ. ಒಬ್ಬೊಬ್ಬರಾಗಿ ಹತ್ತಿ, ಕೆಳಗಿನವರು ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲಲಿ, ಕಲ್ಲು ಕದಲಿದರೆ ಯಾರದ್ದು ಅಂತ ನೋಡದೆ ಜೋರಾಗಿ ಕೂಗಿ.