ಮನೆ ಗಿರಣಿ, ಐದು ವರ್ಷದ ನಂತರ: ಒಳಗೆ ಉಳಿಯುವ ಒಂದು ಹಿಡಿ ಹಿಟ್ಟಿನ ಕಥೆ

ನಮ್ಮ ಮನೆಗೆ ಹಿಟ್ಟಿನ ಗಿರಣಿ ಬಂದಿದ್ದು 2020ರ ಆಗಸ್ಟ್‌ನಲ್ಲಿ. ಆ ವರ್ಷ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ನಮ್ಮ ಓಣಿಯ ಗಿರಣಿಯವರು ಬಾಗಿಲು ಹಾಕಿಕೊಂಡು ಊರಿಗೆ ಹೋಗಿಬಿಟ್ಟರು. ಮನೆಯಲ್ಲಿ ಎರಡು ಚೀಲ ಬಿಳಿಜೋಳ ಇತ್ತು, ಹಿಟ್ಟು ಇರಲಿಲ್ಲ. ಧಾರವಾಡದಲ್ಲೇ ಹುಟ್ಟಿ ಬೆಳೆದ ನಮ್ಮ ಅತ್ತೆಯವರಿಗೆ ರೊಟ್ಟಿ ಇಲ್ಲದ ಊಟ ಊಟವೇ ಅಲ್ಲ. ಹದಿನೈದು ದಿನ ಅನ್ನ ಸಾರು ಉಂಡರು. ಪ್ರತಿ ಸಲ ಕೈ ತೊಳೆಯುವಾಗ, "ಹೊಟ್ಟಿ ತುಂಬಿದಂಗ ಆಗಂಗಿಲ್ಲ ನೋಡವಾ" ಅನ್ನುತ್ತಿದ್ದರು. ಆಗಲೇ ಮನಸ್ಸು ಮಾಡಿದೆ.

ಹುಬ್ಬಳ್ಳಿಯ ಒಂದು ಅಂಗಡಿಯಿಂದ 17,500 ರೂಪಾಯಿಗೆ ತಂದೆವು. ಕಂಪನಿಯ ಹೆಸರು ಹೇಳುತ್ತಿಲ್ಲ. ಈ ನಮೂನೆಯ ಗಿರಣಿಗಳ ಹೊಟ್ಟೆ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಒಂದು ಎಚ್‌ಪಿ ಮೋಟಾರು, ಒಳಗೆ ತಿರುಗುವ ಬ್ಲೇಡು, ಅದರ ಸುತ್ತ ತೂತಿನ ಜಾಳಿಗೆ. ಕಾಳು ಏಟು ತಿಂದು ಪುಡಿಯಾಗಿ ಜಾಳಿಗೆಯಿಂದ ಕೆಳಗಿನ ಡಬ್ಬಿಗೆ ಬೀಳುತ್ತದೆ. ಓಣಿಯ ಗಿರಣಿಯ ಹಾಗೆ ಬೀಸುವ ಕಲ್ಲು ಇದರಲ್ಲಿ ಇಲ್ಲ. ಉಳಿದ ವಿವರವನ್ನು ಅಂಗಡಿಯವರು ಹೇಳಿಯೇ ಹೇಳುತ್ತಾರೆ.

ಶನಿವಾರ ಸಂಜೆ ನಮ್ಮ ಮನೆಯಲ್ಲಿ ಬೀಸುವ ಹೊತ್ತು. ಅತ್ತೆಯವರು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಾರೆ. ಹರಳು ಒಂದು ಕಡೆ, ಕಪ್ಪು ಕಾಳು ಒಂದು ಕಡೆ. ನಾನು ಐದು ಕಿಲೋ ಅಳೆದು, ಎಲ್ಲಕ್ಕಿಂತ ಸಣ್ಣ ತೂತಿನ ಜಾಳಿಗೆ ಹಾಕಿ, ಮೇಲಿನ ಬಾಯಿಗೆ ಸುರಿದು ಬಟನ್ ಒತ್ತುತ್ತೇನೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಸದ್ದು ಜಾಸ್ತಿ. ಮಿಕ್ಸರ್ ಸದ್ದಿಗೆ ಬೇಸರ ಪಡುವವರು ಇದನ್ನು ಅಡುಗೆಮನೆಯಲ್ಲಿ ಇಡಬೇಡಿ. ನಮ್ಮದು ಹಿತ್ತಲ ಬಾಗಿಲ ಹತ್ತಿರ ಇದೆ.

ಹಿಟ್ಟು ಬಿಸಿಯಾಗಿ ಬೀಳುತ್ತದೆ. ಅದನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಮುಚ್ಚಳ ಬೆವರುತ್ತದೆ, ನಾಲ್ಕು ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ಅದಕ್ಕೇ ಹಳೆಯ ಹತ್ತಿ ಧೋತರ ಹಾಸಿ ಒಂದು ಗಂಟೆ ಹರವುತ್ತೇನೆ. ಅಷ್ಟರಲ್ಲಿ ಅತ್ತೆಯವರು ಬಂದು ಒಂದು ಚಿಟಿಕೆ ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕಿ ನೋಡುತ್ತಾರೆ. ಆಮೇಲೆ ನಾಲಿಗೆ ತುದಿಗೆ ಇಟ್ಟುಕೊಳ್ಳುತ್ತಾರೆ. ಹೊಸ ಹಿಟ್ಟಿಗೆ ಒಂದು ಸಣ್ಣ ಸಿಹಿ ಇರುತ್ತದೆ. "ನುಣ್ಣಗ ಆಗೈತಿ" ಅಂದರೆ ಆ ವಾರ ನಿಶ್ಚಿಂತೆ. ಏನೂ ಅನ್ನದೆ ಹೋದರೆ ಇನ್ನೊಮ್ಮೆ ಬೀಸಬೇಕು ಅಂತ ಅರ್ಥ.

ಭಾನುವಾರ ಬೆಳಿಗ್ಗೆ ಎಸರಿಡುವಾಗ ಈ ಹಿಟ್ಟಿನ ಬೆಲೆ ಗೊತ್ತಾಗುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಜೋಳದ ಹಿಟ್ಟಿಗೆ ಜಿಗಿ ಬರುವುದು ಕುದಿಯುವ ಎಸರಿನಿಂದ, ಹಿಟ್ಟು ಹೊಸದಿದ್ದರೆ ಮಾತ್ರ. ಪರಾತದಲ್ಲಿ ಹಿಟ್ಟಿನ ನಡುವೆ ಕುಳಿ ಮಾಡಿ ಎಸರು ಹೊಯ್ದು, ಸೌಟಿನ ಹಿಡಿಕೆಯಿಂದ ಕಲಸಿ, ಕೈ ಸುಡುವ ಬಿಸಿಯಲ್ಲೇ ಅಂಗೈ ಬುಡದಿಂದ ನಾದಬೇಕು. ಹಳೆಯ ಹಿಟ್ಟಾದರೆ ಬಡಿಯುವಾಗ ಅಂಚು ಬಿರಿಯುತ್ತದೆ, ಎತ್ತಿ ಹಂಚಿಗೆ ಹಾಕುವಾಗ ನಡುವೆ ಹರಿಯುತ್ತದೆ. ಹೊಸ ಹಿಟ್ಟಾದರೆ ಅತ್ತೆಯವರ ಅಂಗೈ ಕೆಳಗೆ ರೊಟ್ಟಿ ತಾನೇ ತಿರುಗುತ್ತಾ ದೊಡ್ಡದಾಗುತ್ತದೆ. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಆಡಿಸಿ, ನೀರು ಆರಿದ ಮೇಲೆ ತಿರುವಿ ಹಾಕಿದರೆ ಒಂದು ಮೂಲೆಯಿಂದ ಉಬ್ಬಲು ಶುರುವಾಗಿ ಪೂರ್ತಿ ಪುಗ್ಗೆಯ ಹಾಗೆ ನಿಲ್ಲುತ್ತದೆ. ಆ ರೊಟ್ಟಿಗೆ ಬೆಣ್ಣೆ, ಗುರೆಳ್ಳು ಚಟ್ನಿ, ಪಕ್ಕದಲ್ಲಿ ಒಂದು ಹಸಿ ಉಳ್ಳಾಗಡ್ಡಿ. ಪಲ್ಯ ಆಗುವ ತನಕ ನಮ್ಮಲ್ಲಿ ಯಾರೂ ಕಾಯುವುದಿಲ್ಲ.

ಮೊದಲ ವರ್ಷ ಸಿಕ್ಕ ಸಿಕ್ಕವರಿಗೆಲ್ಲ ತಗೊಳ್ಳಿ ತಗೊಳ್ಳಿ ಅಂತ ಹೇಳಿದ್ದೆ. ನನ್ನ ತಂಗಿ ಗದಗಿನಲ್ಲಿ ನನ್ನ ಮಾತು ಕೇಳಿಯೇ ಕೊಂಡಳು. ಈಗ ಆ ಮಾತಿಗೆ ಒಂದು ತಿದ್ದುಪಡಿ ಸೇರಿಸಬೇಕಾಗಿದೆ. ಈ ವಿಮರ್ಶೆ ಬರೆಯಲು ಕಾರಣವೂ ಅದೇ.

ಅಂಗಡಿಯವರು ಮಾರುವಾಗ "ಇದು ತಾನೇ ಕ್ಲೀನ್ ಆಗ್ತದ್ರಿ, ನೀವು ಏನೂ ಮುಟ್ಟೂದು ಬ್ಯಾಡ" ಅಂದಿದ್ದರು. ನಾನು ನಂಬಿದೆ. ಬೀಸುವುದು ಮುಗಿದ ಮೇಲೆ ಎರಡು ನಿಮಿಷ ಖಾಲಿ ತಿರುಗಿಸುತ್ತಿದ್ದೆ, ಡಬ್ಬಿ ಒರೆಸಿ ಇಡುತ್ತಿದ್ದೆ. ಬ್ಲೇಡಿನ ಹಿಂದೆ, ಜಾಳಿಗೆ ಕೂರುವ ಸಂದಿಯಲ್ಲಿ, ಹಿಟ್ಟು ಇಳಿಯುವ ದಾರಿಯ ಮೂಲೆಯಲ್ಲಿ ಪ್ರತಿ ಸಲ ಒಂದು ಹಿಡಿ ಹಿಟ್ಟು ಉಳಿಯುತ್ತದೆ. ಬಾಗಿಲು ತೆಗೆದು ಬಗ್ಗಿ ನೋಡಿದರೂ ಅದು ಕಾಣುವುದಿಲ್ಲ. ಬೆರಳು ಹಾಕಿದರೆ ಮಾತ್ರ ತಿಳಿಯುತ್ತದೆ.

ಎರಡನೆಯ ವರ್ಷ, 2021ರಲ್ಲಿ, ಅದರ ಫಲ ಸಿಕ್ಕಿತು. ನಾಗರ ಪಂಚಮಿಗೆ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ ಮಾಡುತ್ತೇವಲ್ಲ, ಅದಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಖಡಕ್ ರೊಟ್ಟಿ ಎರಡೂ ಆಗಬೇಕು. ತಟ್ಟೆಯಲ್ಲಿ ನಾಲ್ಕು ನಮೂನೆ ಪಲ್ಯ, ಚಟ್ನಿ ಇಟ್ಟು ಅಕ್ಕಪಕ್ಕದ ಮನೆಗಳಿಗೆ ಕೊಡಬೇಕು. ನಾನು ಸಜ್ಜೆಯನ್ನು ಹತ್ತು ದಿನ ಮುಂಚೆಯೇ ಬೀಸಿದ್ದೆ. ಆ ರೊಟ್ಟಿಗಳೂ ಮುಂಚೆಯೇ ಆಗಿ ಬುಟ್ಟಿ ಸೇರಿದ್ದವು. ಹಬ್ಬದ ಹಿಂದಿನ ಸಂಜೆ ಅದೇ ಗಿರಣಿಗೆ ಜೋಳ ಹಾಕಿದೆ. ಹೊರಗೆ ಬಿಡದೆ ಮಳೆ.

ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ ಅಂತ ನಮ್ಮ ಹಿರಿಯರಿಗೆಲ್ಲ ಗೊತ್ತು. ಅದರಲ್ಲಿ ಎಣ್ಣೆ ಅಂಶ ಜಾಸ್ತಿ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 5 ಗ್ರಾಂ ಕೊಬ್ಬು ಇದ್ದರೆ ಜೋಳದಲ್ಲಿ ಸುಮಾರು 2 ಗ್ರಾಂ. ಕಾಳಾಗಿ ಇದ್ದಾಗ ಏನೂ ಆಗುವುದಿಲ್ಲ. ಬೀಸಿದ ಮೇಲೆ ಆ ಎಣ್ಣೆಗೆ ಗಾಳಿ ತಾಗಿ ವಾರ ಹತ್ತು ದಿನಕ್ಕೆ ಕಮಟು ಹಿಡಿಯುತ್ತದೆ. ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ಇದೆಲ್ಲ ಗೊತ್ತಿದ್ದೂ ಗಿರಣಿಯ ಒಳಗೆ ಸಜ್ಜೆ ಹಿಟ್ಟು ಕೂತಿದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದೆವು. ಮೂಗಿಗೆ ಒಲೆಯ ಹೊಗೆ, ಎಳ್ಳು, ಪಲ್ಯದ ಒಗ್ಗರಣೆ ಎಲ್ಲ ಸೇರಿ ಏನೂ ತಿಳಿಯಲಿಲ್ಲ. ಐದು ಮನೆಗೆ ತಟ್ಟೆ ಹೋದವು. ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಅತ್ತೆಯವರು ಒಂದು ತುತ್ತು ಬಾಯಿಗೆ ಇಟ್ಟು ನಿಲ್ಲಿಸಿದರು. "ಹಿಟ್ಟು ಕಮಟ ಹೊಡ್ಯಾಕತ್ತೈತಲ್ಲವಾ" ಅಂದರು. ಅಷ್ಟೇ. ಸಂಜೆ ಪಕ್ಕದ ಮನೆಯ ಅಜ್ಜಿ ತಟ್ಟೆ ತಿರುಗಿ ಕೊಡಲು ಬಂದವರು ಮೆಲ್ಲಗೆ, "ಜ್ವಾಳ ಹಳೀದಿತ್ತೇನವಾ?" ಅಂತ ಕೇಳಿದರು. ಆ ಮನೆಯಿಂದ ನಮಗೆ ಬಂದ ರೊಟ್ಟಿ ಎಷ್ಟು ಚೆನ್ನಾಗಿತ್ತು ಅಂದರೆ, ನನಗೆ ಅವತ್ತು ಕಣ್ಣಲ್ಲಿ ನೀರು ಬಂತು. ಹಬ್ಬದ ರೊಟ್ಟಿ ಅಂದರೆ ಮನೆಯ ಮರ್ಯಾದೆ.

ರಾತ್ರಿ ಪ್ಲಗ್ ತೆಗೆದು, ಟಾರ್ಚ್ ಹಿಡಿದು, ಸ್ಕ್ರೂಡ್ರೈವರ್‌ನಿಂದ ಒಳಗಿನ ತಗಡು ಬಿಚ್ಚಿದೆ. ಮೂಲೆಯಲ್ಲಿ ಬೂದು ಬಣ್ಣದ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಮುರಿದರೆ ಒಳಗೆ ನುಸಿ ಓಡಾಡುತ್ತಿದ್ದವು. ಅಂಗಡಿಗೆ ಫೋನ್ ಮಾಡಿದರೆ, "ಎಲ್ಲಾರ ಮನ್ಯಾಗೂ ಹಂಗ ಇರ್ತದ್ರಿ" ಅಂದರು. ಎಲ್ಲರ ಮನೆಯಲ್ಲೂ ಹಾಗೆ ಇದ್ದರೆ ಮಾರುವ ಮುಂಚೆ ಒಂದು ಮಾತು ಹೇಳಬೇಕು ಅಲ್ವಾ? ಒಳಗಿನ ತಗಡನ್ನು ಕೈಯಿಂದ ಬಿಚ್ಚುವ ಹಾಗೆ ಮಾಡಿದ್ದರೆ ಸಾಕಿತ್ತು. ಆ ಒಂದು ಸಣ್ಣ ಕೆಲಸವನ್ನು ಕಂಪನಿ ಮಾಡಿಲ್ಲ ಅನ್ನುವುದೇ ನನ್ನ ದೊಡ್ಡ ದೂರು. ಬಣ್ಣದ ಲೈಟು, ಗಾಲಿ, ಗಾಜಿನ ಬಾಗಿಲು ಎಲ್ಲ ಇದೆ.

ಆಗ ಮಾರಿಬಿಡೋಣ ಅನ್ನಿಸಿತ್ತು. ಎರಡು ತಿಂಗಳು ಅರಿವೆ ಮುಚ್ಚಿ ಇಟ್ಟಿದ್ದೆವು. ಮತ್ತೆ ಶುರು ಮಾಡಿದ್ದು ಅತ್ತೆಯವರು. "ಬೀಸೋಕಲ್ಲಿಗೂ ನಾವು ದಿನಾ ಕಸಬರಿಗಿ ಆಡಸ್ತಿದ್ವಿ, ಇದಕ್ಕ ಯಾಕ ಬ್ಯಾಡ?" ಅಂದರು. ಬಣ್ಣ ಬಳಿಯುವ ಒಂದು ಇಂಚಿನ ಬ್ರಷ್ 40 ರೂಪಾಯಿಗೆ ತಂದೆ. ಅವತ್ತಿನಿಂದ ಒಂದು ಪದ್ಧತಿ ಆಗಿದೆ. ಬೀಸುವುದು ಮುಗಿದ ತಕ್ಷಣ ಪ್ಲಗ್ ತೆಗೆಯುತ್ತೇನೆ. ಇದನ್ನು ಮಾತ್ರ ಎಂದೂ ಮರೆಯಬೇಡಿ, ಒಳಗಿರುವುದು ಬ್ಲೇಡು. ಜಾಳಿಗೆ ಹೊರಗೆ ತೆಗೆದು ನೆಲಕ್ಕೆ ಮೆಲ್ಲಗೆ ಕುಟ್ಟಿ, ಎರಡೂ ಕಡೆ ಬ್ರಷ್ ಆಡಿಸುತ್ತೇನೆ. ನಾಲ್ಕು ಸ್ಕ್ರೂ ಬಿಚ್ಚಿ ತಗಡು ತೆಗೆದು ಮೂಲೆ ಮೂಲೆ ಕೆರೆದು ಒಣ ಅರಿವೆಯಿಂದ ಒರೆಸುತ್ತೇನೆ. ನೀರು ಮುಟ್ಟಿಸುವುದಿಲ್ಲ. ಎಲ್ಲ ಸೇರಿ ಹತ್ತು ನಿಮಿಷ. ಮುಂದಿನ ಸಲ ಬೀಸುವಾಗ ಮೊದಲು ಬೀಳುವ ಒಂದು ಹಿಡಿ ಹಿಟ್ಟನ್ನು ಬೇರೆ ತೆಗೆದು ಆಕಳಿಗೆ ಹಾಕುತ್ತೇವೆ. ಈ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕಮಟು ಬಂದಿಲ್ಲ.

ಮಳೆಗಾಲಕ್ಕೆ ಇನ್ನೊಂದು ಮಾತು. ಧಾರವಾಡದ ಜುಲೈ ತಿಂಗಳ ಥಂಡಿಗೆ ಕಾಳು ತೇವ ಹಿಡಿಯುತ್ತದೆ. ಆಗ ಸಣ್ಣ ಜಾಳಿಗೆ ಕಟ್ಟಿಕೊಳ್ಳುತ್ತದೆ, ಮೋಟಾರು ನರಳುತ್ತದೆ. ನಾವು ಮೇ ತಿಂಗಳಲ್ಲೇ ಮಾಳಿಗೆ ಮೇಲೆ ಮೂರು ದಿನ ಬಿಸಿಲಿಗೆ ಹಾಕಿ ಡಬ್ಬಿ ತುಂಬಿ ಇಡುತ್ತೇವೆ. ಒಮ್ಮೆ ಹರಳು ಸಿಕ್ಕಿ ಜಾಳಿಗೆ ಹರಿಯಿತು. ಹೊಸದು 350 ರೂಪಾಯಿ, ಬರಲು ಮೂರು ವಾರ. ಈಗ ಒಂದು ಜಾಸ್ತಿ ಇಟ್ಟುಕೊಂಡಿದ್ದೇನೆ.

ಚಪಾತಿಗೆ ಮಾತ್ರ ಇದರ ಗೋಧಿ ಹಿಟ್ಟು ನಮಗೆ ಸೇರಲಿಲ್ಲ. ಕಲ್ಲಿನಲ್ಲಿ ಬೀಸಿದ್ದು ಜಾಸ್ತಿ ನೀರು ಹೀರುತ್ತದೆ, ಚಪಾತಿ ಸಂಜೆ ತನಕ ಮೆತ್ತಗೆ ಇರುತ್ತದೆ. ಹಾಗಾಗಿ ಗೋಧಿ ಈಗಲೂ ಓಣಿಯ ಗಿರಣಿಗೇ ಹೋಗುತ್ತದೆ. ಬೇಸಿಗೆಯಲ್ಲಿ ಮಾಡುವ ಬ್ಯಾಡಗಿ ಮೆಣಸಿನಕಾಯಿ ಖಾರವೂ ಅಷ್ಟೇ, ಖಾರದ ಗಿರಣಿಗೆ. ಮನೆ ಗಿರಣಿಗೆ ಮೆಣಸಿನಕಾಯಿ ತೋರಿಸಲೂ ಬೇಡಿ. ಶೇಂಗಾ, ಎಳ್ಳು, ಅಗಸಿ ಕೂಡ ಬೇಡ. ಎಣ್ಣೆ ಬಿಟ್ಟು ಒಳಗೆಲ್ಲ ಮೆತ್ತಿಕೊಳ್ಳುತ್ತದೆ.

ನಾನು ಅಂದುಕೊಂಡೇ ಇರದ ಸುಖ ಇದರಲ್ಲಿ ಸಿಕ್ಕಿದ್ದು ನುಚ್ಚು. ಓಣಿಯ ಗಿರಣಿಯಲ್ಲಿ ಅರ್ಧ ಕಿಲೋ ಜೋಳದ ನುಚ್ಚಿಗೆ ಯಾರೂ ಕಲ್ಲು ಸಡಿಲಿಸಿ ಕೊಡುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ನುಚ್ಚು ನಿಂತೇ ಹೋಗಿತ್ತು. ಒಂದು ಏಪ್ರಿಲ್‌ನಲ್ಲಿ ಸುಮ್ನೆ ನೋಡೋಣ ಅಂತ ದೊಡ್ಡ ತೂತಿನ ಜಾಳಿಗೆ ಹಾಕಿ ಎರಡು ಬೊಗಸೆ ಜೋಳ ಸುರಿದೆ. ಐದು ನಿಮಿಷ ಕೂಡ ಆಗಲಿಲ್ಲ. ಸಾಣಿಗೆ ಹಿಡಿದರೆ ಹಿಟ್ಟು ಕೆಳಗೆ, ಬಿಳಿ ನುಚ್ಚು ಮೇಲೆ. ಮೊರದಲ್ಲಿ ಕೇರಿದರೆ ಹೊಟ್ಟು ಹಾರಿತು. ದಪ್ಪ ತಳದ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು ಹಾಕಿ, ನುಚ್ಚು ಬಿಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಆರಿದ ಮೇಲೆ ಮಜ್ಜಿಗೆ ಕಲಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ ಅತ್ತೆಯವರ ಮುಂದೆ ಇಟ್ಟೆ. ಅವರು ಬಟ್ಟಲು ಪೂರ್ತಿ ಮುಗಿಸಿ, ಬೆರಳಿನಿಂದ ತಳ ಒರೆಸಿ, "ನಮ್ಮವ್ವ ಹೊಲಕ್ಕ ಇದನ್ನ ಕಟಗೊಂಡು ಹೋಗ್ತಿದ್ಲು" ಅಂದರು. ಆಮೇಲೆ ತುಂಬಾ ಹೊತ್ತು ತವರಿನ ಮಾತಾಡಿದರು. ಈಗ ಬೇಸಿಗೆಯಲ್ಲಿ ವಾರಕ್ಕೆ ಎರಡು ದಿನ ನುಚ್ಚು ಮಜ್ಜಿಗೆ. ಕೆಳಗೆ ಬಿದ್ದ ಹಿಟ್ಟು ಅಂಬಲಿಗೆ. ಅದೇ ಜಾಳಿಗೆಯಲ್ಲಿ ಗೋಧಿ ರವೆಯೂ ಆಗುತ್ತದೆ, ಉಪ್ಪಿಟ್ಟಿಗೆ. ಝುಣಕ ಮಾಡುವ ದಿನ ಕಡಲೆಬೇಳೆ ಪಾವು ಕಿಲೋ ಬೀಸಿದರೂ ನಡೆಯುತ್ತದೆ.

ದುಡ್ಡಿನ ಲೆಕ್ಕ ನೋಡಿದರೆ ಇದು ಲಾಭದ ಮಾತಲ್ಲ. ನಮ್ಮ ಓಣಿಯಲ್ಲಿ ಬೀಸಲು ಕಿಲೋಗೆ 6 ರೂಪಾಯಿ. ನಾವು ತಿಂಗಳಿಗೆ 20 ಕಿಲೋ ಬೀಸುತ್ತೇವೆ, ವರ್ಷಕ್ಕೆ 1,440 ರೂಪಾಯಿ. ಹಾಕಿದ ದುಡ್ಡು ತಿರುಗಿ ಬರಲು 12 ವರ್ಷ ಬೇಕು. ಕರೆಂಟು ಮಾತ್ರ ಹೊರೆ ಅಲ್ಲ, ತಿಂಗಳಿಗೆ ಎರಡು ಮೂರು ಯೂನಿಟ್ ಆದೀತು. ಇಬ್ಬರೇ ಇರುವ ಮನೆ, ಹತ್ತಿರದಲ್ಲೇ ಒಳ್ಳೆಯ ಗಿರಣಿ ಇದೆ ಅನ್ನುವವರು ಕೊಳ್ಳಬೇಡಿ. ದಿನಾ ರೊಟ್ಟಿ ತಿನ್ನುವ ಮನೆ, ವಾರಕ್ಕೆ ಹತ್ತು ನಿಮಿಷ ಬ್ರಷ್ ಹಿಡಿಯಲು ಬೇಸರ ಇಲ್ಲ ಅನ್ನುವವರು ಧಾರಾಳವಾಗಿ ಕೊಳ್ಳಿ.

ಕೊಳ್ಳುವ ಮುಂಚೆ ಅಂಗಡಿಯಲ್ಲಿ ಪ್ಲಗ್ ತೆಗೆಸಿ, ಬಾಗಿಲು ತೆಗೆಸಿ, ಜಾಳಿಗೆ ಹೊರಗೆ ಎಳೆಸಿ ನೋಡಿ. ಒಳಗೆ ಕೈ ಹಾಕಿ. ಬ್ಲೇಡಿನ ಹಿಂದಿನ ಮೂಲೆಗೆ ನಿಮ್ಮ ಬೆರಳು ಮುಟ್ಟಬೇಕು. ಮುಟ್ಟದಿದ್ದರೆ ತಗಡು ಹೇಗೆ ಬಿಚ್ಚುವುದು ಅಂತ ಅವರ ಕೈಯಲ್ಲೇ ಬಿಚ್ಚಿಸಿ ತೋರಿಸಲು ಹೇಳಿ. ತೋರಿಸದಿದ್ದರೆ ಮುಂದಿನ ಅಂಗಡಿಗೆ ಹೋಗಿ.