ಟೆಕ್ಸಸ್‌ನ 254 ಕೌಂಟಿಗಳು, ಮತದಾನದ ವಯಸ್ಸಿನ ನಾಗರಿಕರು: ಜನಗಣತಿ ಬ್ಯೂರೊದ ಕಡತವೊಂದರ ವಿಮರ್ಶೆ

ಹದಿನೆಂಟು ತುಂಬಿದ ನಾಗರಿಕರು ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಎಷ್ಟಿದ್ದಾರೆ ಎಂಬುದನ್ನು ಜನಾಂಗವಾರು ತಿಳಿಸುವ ವಿಶೇಷ ಕೋಷ್ಟಕವನ್ನು ಅಮೆರಿಕದ ಜನಗಣತಿ ಬ್ಯೂರೊ ವರ್ಷಕ್ಕೊಮ್ಮೆ ಉಚಿತವಾಗಿ ಒದಗಿಸುತ್ತದೆ. ಮತದಾನದಲ್ಲಿ ಜನಾಂಗೀಯ ತಾರತಮ್ಯವನ್ನು ತಡೆಯುವ 1965ರ ಮತದಾನ ಹಕ್ಕುಗಳ ಕಾಯ್ದೆಯ ಜಾರಿಗೆ ನೆರವಾಗಲೆಂದು ಸಿದ್ಧವಾಗುವ ಈ ಕಡತವನ್ನು ಟೆಕ್ಸಸ್ ರಾಜ್ಯದ ಮಟ್ಟಿಗೆ ಇಲ್ಲಿ ಪರಿಶೀಲಿಸಿದ್ದೇನೆ.

ಕೌಂಟಿಗಳ ಕಡತ ಇಡೀ ದೇಶಕ್ಕೆ ಒಂದೇ. ಟೆಕ್ಸಸ್‌ನ ಸಂಕೇತವಾದ 48ನ್ನು ಹಿಡಿದು ಸೋಸಿದರೆ, ಕೌಂಟಿಗೆ 13 ಸಾಲುಗಳಂತೆ (ಮೊತ್ತಕ್ಕೂ ಜನಾಂಗದ ಗುಂಪುಗಳಿಗೂ ಒಂದೊಂದು) 3,302 ಸಾಲುಗಳು ಉಳಿಯುತ್ತವೆ. ಒಟ್ಟು ಜನರು, ವಯಸ್ಕರು, ನಾಗರಿಕರು, ಮತದಾನದ ವಯಸ್ಸಿನ ನಾಗರಿಕರು ಎಂಬ ನಾಲ್ಕು ಅಂದಾಜುಗಳನ್ನೂ ಪ್ರತಿಯೊಂದರ ದೋಷಮಿತಿಯನ್ನೂ (ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಳತೆ) ಒಂದೇ ಸಾಲಿನಲ್ಲಿ ಕೊಟ್ಟಿರುವುದು ಈ ಕಡತದ ದೊಡ್ಡ ಗುಣ. ಡಲ್ಲಾಸ್‌ನ ಉತ್ತರಕ್ಕಿರುವ ಕಾಲಿನ್ ಕೌಂಟಿಯಲ್ಲಿ ಎಚ್‌-1ಬಿ ವೀಸಾದಲ್ಲೋ ಗ್ರೀನ್ ಕಾರ್ಡ್‌ನಲ್ಲೋ ನೆಲೆಸಿರುವ ಕನ್ನಡಿಗರು ವಯಸ್ಕರ ಲೆಕ್ಕಕ್ಕೆ ಸೇರಿ, ಕೊನೆಯ ಲೆಕ್ಕದಿಂದ ಹೊರಗುಳಿಯುತ್ತಾರೆ. ಆ ಅಂತರ ಓದುಗನಿಗೆ ಕಣ್ಣಳತೆಯಲ್ಲೇ ಸಿಗುತ್ತದೆ. ಕ್ಷೇತ್ರಗಳನ್ನು ಒಟ್ಟು ಜನಸಂಖ್ಯೆಯ ಮೇಲೆ ವಿಂಗಡಿಸಬೇಕೋ ಅರ್ಹ ಮತದಾರರ ಸಂಖ್ಯೆಯ ಮೇಲೋ ಎಂಬ ವ್ಯಾಜ್ಯ ಟೆಕ್ಸಸ್‌ನಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ರಾಜ್ಯಗಳು ಒಟ್ಟು ಜನಸಂಖ್ಯೆಯನ್ನು ಬಳಸಬಹುದೆಂದು 2016ರಲ್ಲಿ ತೀರ್ಪು ಬಂತು.

ಆದರೆ ಇವು ತಲೆ ಎಣಿಸಿ ಬರೆದ ಸಂಖ್ಯೆಗಳಲ್ಲ. ಬ್ಯೂರೊ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಸಮೀಕ್ಷೆಯ ಐದು ವರ್ಷಗಳ ಮಾದರಿಯಿಂದ ತೆಗೆದ ಅಂದಾಜುಗಳು. ದೋಷಮಿತಿಯೂ ಶೇ 90ರ ವಿಶ್ವಾಸ ಮಟ್ಟದ್ದು, ಅಂದರೆ ಹೀಗೆ ತೆಗೆದ ಹತ್ತು ಮಿತಿಗಳಲ್ಲಿ ಸುಮಾರು ಒಂಬತ್ತರೊಳಗೆ ಮಾತ್ರ ನಿಜವಾದ ಸಂಖ್ಯೆ ಇರುತ್ತದೆ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 2020ರ ಗಣತಿಯಂತೆ 47 ಲಕ್ಷಕ್ಕೂ ಮಿಗಿಲಾದ ಜನರಿರುವುದರಿಂದ ಅಲ್ಲಿನ ಒಟ್ಟು ಅಂಕಿಯನ್ನು ಧೈರ್ಯವಾಗಿ ನಂಬಬಹುದು. ಅದೇ ಗಣತಿಯಲ್ಲಿ ಕೇವಲ 64 ಜನರಿದ್ದ ಲವಿಂಗ್ ಕೌಂಟಿಯ ಸ್ಥಿತಿ ಬೇರೆ. ಗೋಪ್ಯತೆಗಾಗಿ 1ರಿಂದ 7ರವರೆಗಿನ ಅಂದಾಜುಗಳನ್ನೆಲ್ಲ 4 ಎಂದೂ ಅದಕ್ಕಿಂತ ದೊಡ್ಡವನ್ನು ಐದರ ಹತ್ತಿರದ ಗುಣಕಕ್ಕೂ ತಿರುಗಿಸುವುದರಿಂದ, ಅಷ್ಟು ಸಣ್ಣ ಊರಿನ ಜನಾಂಗವಾರು ವಿವರವನ್ನು ನಾನಂತೂ ಬಳಸಲಾರೆ. ಸಾಲುಗಳನ್ನು ಕೂಡಿದಾಗ ಮೊತ್ತ ತಾಳೆಯಾಗದಿದ್ದರೆ ಗಾಬರಿಪಡಬೇಕಾಗಿಲ್ಲ, ಕಾರಣ ಇದೇ.

ಮತದಾರರ ಪಟ್ಟಿಗೆ ಇದು ಬದಲಿಯಲ್ಲ. ಹೆಸರು ನೋಂದಾಯಿಸದವರೂ, ಅಪರಾಧದ ಶಿಕ್ಷೆಯಿಂದಾಗಿ ಮತ ಹಾಕುವಂತಿಲ್ಲದವರೂ ಇದರಲ್ಲಿ ಸೇರಿರುತ್ತಾರೆ. ಜನಾಂಗವಾರು ವಿವರ ಬೇಡ, ಕೌಂಟಿಯ ಒಟ್ಟು ಅಂಕಿ ಸಾಕು ಎನ್ನುವವರು ಇಷ್ಟು ದೊಡ್ಡ ಕಡತವನ್ನು ಇಳಿಸಿಕೊಳ್ಳಬೇಕಾದ್ದೂ ಇಲ್ಲ: ಅದೇ ಸರ್ವೆಯ ಬಿ29001 ಸಂಖ್ಯೆಯ ಕೋಷ್ಟಕದಲ್ಲಿ ಅದು ವಯೋಮಾನದ ವಿಂಗಡಣೆಯೊಡನೆ ದೊರೆಯುತ್ತದೆ.